ಗದಗ ಜಿಲ್ಲೆಯ ನಕ್ಷೆಯಲ್ಲಿ ಲಕ್ಷ್ಮೇಶ್ವರ ಖಾಲಿ ಉಳಿಯುವುದೇಕೆ?

ಚೆಂದದ ನಕ್ಷೆಗೆ ದುಬಾರಿ ಸಾಫ್ಟ್‌ವೇರ್ ಬೇಕೆಂಬ ನಂಬಿಕೆ ಇನ್ನೂ ಇದೆ. ಅದೇನೂ ಬೇಕಿಲ್ಲ. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಕ್ಯೂಜಿಐಎಸ್ ಮುಕ್ತ ತಂತ್ರಾಂಶ. ಉಚಿತವಾಗಿ ಇಳಿಸಿಕೊಂಡು ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಬಳಸಬಹುದು. ತೊಡಕು ಬರುವುದು ಮಾಹಿತಿಯಲ್ಲಿ.

ಗದಗ ಜಿಲ್ಲೆಯ ಜನಸಂಖ್ಯೆಯ ನಕ್ಷೆ ಮಾಡುತ್ತಿದ್ದೀರಿ ಎನ್ನಿ. ಇಂದಿನ ತಾಲೂಕು ಗಡಿಗಳಿಗೆ 2011ರ ಜನಗಣತಿಯ ತಾಲೂಕುವಾರು ಪಟ್ಟಿಯನ್ನು ಜೋಡಿಸಿದರೆ ಗದಗ, ಮುಂಡರಗಿ, ಶಿರಹಟ್ಟಿಗೆ ಬಣ್ಣ ಬರುತ್ತದೆ. ಲಕ್ಷ್ಮೇಶ್ವರ ಖಾಲಿ ಉಳಿಯುತ್ತದೆ. ಗಣತಿಯ ಹೊತ್ತಿಗೆ ಅದು ಶಿರಹಟ್ಟಿ ತಾಲೂಕಿನ ಒಂದು ಪಟ್ಟಣ; ಪ್ರತ್ಯೇಕ ತಾಲೂಕಾದದ್ದು ಆಮೇಲೆ. ಖಾಲಿ ಜಾಗವಾದರೂ ಕಣ್ಣಿಗೆ ಬೀಳುತ್ತದೆ. ಪಕ್ಕದ ಶಿರಹಟ್ಟಿಯ ತಪ್ಪು ಕಾಣುವುದೇ ಇಲ್ಲ, ಏಕೆಂದರೆ ಲಕ್ಷ್ಮೇಶ್ವರದ ಜನರೂ ಅದರ ಲೆಕ್ಕದಲ್ಲೇ ಸೇರಿರುತ್ತಾರೆ. ಇಂಥ ನಕ್ಷೆ ನೋಡಿ ಆಸ್ಪತ್ರೆಗೋ ಕುಡಿಯುವ ನೀರಿಗೋ ಯೋಜನೆ ಹಾಕಿದರೆ ಒಂದು ಇಡೀ ತಾಲೂಕು ಕೈಬಿಟ್ಟುಹೋಗುತ್ತದೆ.

ಪರಿಹಾರ ಇಷ್ಟೇ: ಜನಗಣತಿಯ ಗ್ರಾಮವಾರು ಅಂಕಿಗಳನ್ನು ತೆಗೆದುಕೊಂಡು, ಪ್ರತಿ ಗ್ರಾಮದ ಮುಂದೆ ಅದರ ಇಂದಿನ ತಾಲೂಕಿನ ಹೆಸರು ಬರೆಯಿರಿ. ಪಟ್ಟಣಗಳನ್ನು ಮರೆಯಬೇಡಿ. ಕ್ಯೂಜಿಐಎಸ್‌ನ ‘ಅಗ್ರಿಗೇಟ್’ ಸಾಧನ ಗಡಿಗಳನ್ನೂ ಅಂಕಿಗಳನ್ನೂ ಒಟ್ಟಿಗೇ ಕೂಡಿಸಿಕೊಡುತ್ತದೆ. ಬೇಸರದ ಕೆಲಸ ನಿಜ, ಆದರೆ ನಕ್ಷೆಯ ಅರ್ಧ ಚೆಂದ ಇಲ್ಲೇ ಇದೆ. ಬಣ್ಣವನ್ನು ಒಟ್ಟು ಜನಸಂಖ್ಯೆಗೆ ಕೊಡದೆ ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬುದಕ್ಕೆ ಕೊಡಿ. ಒಂದೇ ಬಣ್ಣ, ತಿಳಿಯಿಂದ ಗಾಢದವರೆಗೆ, ಸಾಕು; ಕಾಮನಬಿಲ್ಲು ಬೇಡ.

ಇನ್ನು ಕಪ್ಪತಗುಡ್ಡ. ಗದಗ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಹಬ್ಬಿರುವ ಈ ಬೆಟ್ಟಸಾಲನ್ನು ಬರೀ ಹಸಿರು ಕಲೆಯಾಗಿ ತೋರಿಸಿದರೆ ಅದು ಬೆಟ್ಟವೆಂದೇ ತಿಳಿಯದು. 2000ದಲ್ಲಿ ಬಾಹ್ಯಾಕಾಶ ನೌಕೆಯೊಂದು ರಾಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಉಚಿತವಾಗಿ ಸಿಗುತ್ತದೆ. ಆ ಲೇಯರ್‌ಗೆ ‘ಹಿಲ್‌ಶೇಡ್’ ಶೈಲಿ ಕೊಟ್ಟರೆ ಇಳಿಜಾರುಗಳಿಗೆ ನೆರಳು ಬೀಳುತ್ತದೆ. ಬೆಳಕಿನ ದಿಕ್ಕು 315 ಡಿಗ್ರಿ, ಅಂದರೆ ವಾಯವ್ಯ, ಎಂದಿರುತ್ತದೆ. ಅದನ್ನು ಹಾಗೇ ಬಿಡಿ. 135ಕ್ಕೆ ತಿರುಗಿಸಿ ನೋಡಿ, ಹೆಚ್ಚಿನವರ ಕಣ್ಣಿಗೆ ಕಪ್ಪತಗುಡ್ಡ ಕಣಿವೆಯಂತೆ ಕಾಣುತ್ತದೆ! ಬೆಳಕು ಮೇಲಿನಿಂದ ಬರುತ್ತದೆಂದು ಮಿದುಳು ಊಹಿಸಿಕೊಳ್ಳುವುದೇ ಇದಕ್ಕೆ ಕಾರಣ.

ಹೆಸರುಗಳ ವಿಷಯದಲ್ಲಿ ‘ಗದಗ’ ಸುಲಭ, ‘ಲಕ್ಷ್ಮೇಶ್ವರ’ ಕಷ್ಟ. ಕೆಳಗಿನ ಒತ್ತಕ್ಷರಗಳು ರಸ್ತೆಯ ಗೆರೆಯಲ್ಲಿ ಕಳೆದುಹೋಗದಂತೆ ಅಕ್ಷರಗಳ ಸುತ್ತ ತೆಳುವಾದ ಬಿಳಿ ಅಂಚು ಕೊಡಿ. ಕ್ಯೂಜಿಐಎಸ್‌ನಲ್ಲಿ ಇದಕ್ಕೆ ‘ಬಫರ್’ ಎನ್ನುತ್ತಾರೆ. ಊರುಗಳ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಊರಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ.