ಮನಿ ಫೋನಿನ ಕಾಲ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಶಾಲೆಯ ಕಟ್ಟಡ, ಗುರುಬಳಗ, ಫಲಿತಾಂಶಗಳ ಕುರಿತು ಬರೆಯುವವರು ಅನೇಕರಿದ್ದಾರೆ. ಇದೇ ಅವಧಿಯಲ್ಲಿ ಗೊಳಸಂಗಿಯ ಮನೆಗಳಿಗೆ ಬಂದು, ಗೋಡೆಯ ಗೂಡಿನಲ್ಲಿ ಕೆಲವು ವರ್ಷ ಕುಳಿತು, ಸದ್ದಿಲ್ಲದೆ ಹೋದ ಒಂದು ವಸ್ತುವಿನ ಇತಿಹಾಸವನ್ನು ನಾನು ಹೇಳಬೇಕೆಂದಿದ್ದೇನೆ. ಅದು ಮನೆಯ ದೂರವಾಣಿ.

ಭಾರತದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಶುರುವಾದದ್ದು 1882ರಲ್ಲಿ, ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ. ಹಳ್ಳಿಗಳಿಗೆ ಅದು ಬರಲು ನೂರು ವರ್ಷ ಹಿಡಿಯಿತು. ಅಲ್ಲಿಯವರೆಗೆ ತುರ್ತು ಸುದ್ದಿಯೆಂದರೆ ತಂತಿ. 'ತಾರು ಬಂತು' ಅಂದರೆ ಓದುವ ಮೊದಲೇ ಮನೆಯಲ್ಲಿ ಅಳು ಕೇಳುತ್ತಿತ್ತೆಂದು ಹಿರಿಯರು ಈಗಲೂ ನೆನೆಯುತ್ತಾರೆ. ಫೋನಿನಲ್ಲಿ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ತಾಸುಗಟ್ಟಲೆ ಕಾಯಬೇಕಿತ್ತು.

ಈ ಪರಿಸ್ಥಿತಿ ಬದಲಾದದ್ದರಲ್ಲಿ ನಮ್ಮ ಉತ್ತರ ಕರ್ನಾಟಕಕ್ಕೂ ಒಂದು ಪಾಲಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ, ಹಳ್ಳಿಗೆಂದೇ ಒಂದು ಚಿಕ್ಕ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ತಯಾರಿಸಿತು. ಬಿಸಿಲು, ಧೂಳು ತಡೆದುಕೊಂಡು, ಹವಾನಿಯಂತ್ರಣ ಇಲ್ಲದೆ ನಡೆಯುವುದೇ ಅದರ ದೊಡ್ಡ ಗುಣ. 128 ಪೋರ್ಟುಗಳ ಅಂಥ ಮೊದಲ ಯಂತ್ರ 1986ರಲ್ಲಿ ಕೆಲಸ ಶುರುಮಾಡಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಬಳಿಕ ಎಸ್‌ಟಿಡಿ ಬೂತುಗಳು ಊರೂರಿಗೂ ಬಂದವು. ರಾತ್ರಿ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬೂತಿನ ಮುಂದೆ ಸರದಿ ನಿಲ್ಲುವುದು ರೂಢಿಯಾಯಿತು.

ನಮ್ಮ ಮನೆಗೆ ಫೋನ್ ಬಂದಾಗ ನಾನು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ಅಣ್ಣ ದುಡಿಯಲು ಗೋವಾಕ್ಕೆ ಹೋಗಿದ್ದ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯವರು ಗೋವಾ, ಪುಣೆ, ಮುಂಬಯಿ ದಾರಿ ಹಿಡಿಯುವುದು ಹೊಸದೇನಲ್ಲ. ಅವನು ಬೂತಿನಿಂದ ಫೋನ್ ಮಾಡುವ ಹೊತ್ತಿಗೆ ನಾವೆಲ್ಲ ಹೊಲದಲ್ಲಿರುತ್ತಿದ್ದೆವು. ಇದನ್ನು ಕೇಳಿ ಮುಂಬಯಿಯ ಸೋದರಮಾವ ಒಂದು ಆನ್ಸರಿಂಗ್ ಮಷಿನ್ ತಂದುಕೊಟ್ಟ.

ಈ ಯಂತ್ರದ ಮೂಲ ಹಳೆಯದು. ಡೆನ್ಮಾರ್ಕಿನ ವಾಲ್ಡೆಮರ್ ಪೌಲ್ಸೆನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ಧ್ವನಿ ಮುದ್ರಿಸುವ ಸಾಧನ ರೂಪಿಸಿದ್ದರು. ನಮ್ಮದರಲ್ಲಿದ್ದದ್ದು ಚಿಕ್ಕ ಕ್ಯಾಸೆಟ್. ಗೋಡೆಯ ತಂತಿಯನ್ನು ಯಂತ್ರಕ್ಕೆ, ಯಂತ್ರದಿಂದ ಫೋನಿಗೆ ಜೋಡಿಸಿ, ಎಷ್ಟು ಗಂಟೆಗೆ ಎತ್ತಬೇಕೆಂದು ಗೊತ್ತುಮಾಡಿ, ನಮ್ಮ ಮಾತನ್ನು ಮೊದಲು ತುಂಬಬೇಕು. ಅವ್ವ ತುಂಬಿದ್ದು ಹೀಗೆ: "ನಾವು ಹೊಲಕ್ಕ ಹೋಗೇವ್ರಿ, ಸಂಜಿಕ್ಕ ಬರ್ತೀವಿ, ಏನೈತಿ ಹೇಳ್ರಿ." ಅದನ್ನು ಕೇಳಿದ ಪಕ್ಕದ ಮನೆಯ ಕಾಕಾ, "ಯವ್ವಾ, ಮನ್ಯಾಗ ಯಾರೂ ಇಲ್ಲಂತ ಕಳ್ಳಗೂ ನೀನ ಹೇಳ್ಕಿ ಕೊಟ್ಟಂಗಾತಲ್ಲ!" ಎಂದು ನಕ್ಕರು.

ಆದರೆ ಯಂತ್ರ ಸೋತದ್ದು ಬೇರೆ ಕಾರಣಕ್ಕೆ. ಅದು ಫೋನ್ ಎತ್ತಿದ ಕೂಡಲೇ ಅಲ್ಲಿ ಬೂತಿನ ಮೀಟರ್ ಓಡಲು ಶುರುವಾಗುತ್ತಿತ್ತು. ದಿನದ ಕೂಲಿಯಲ್ಲಿ ಉಳಿಸಿ ಫೋನ್ ಮಾಡುವವನು ಯಂತ್ರದ ಜೊತೆ ಮಾತಾಡಲು ಯಾಕೆ ರೊಕ್ಕ ಕೊಟ್ಟಾನು? ಕ್ಯಾಸೆಟ್ಟಿನಲ್ಲಿ ಉಳಿಯುತ್ತಿದ್ದುದು ಬರೀ ಫೋನ್ ಇಟ್ಟ ಸದ್ದು. ಕರೆಂಟು ಹೋದ ದಿನ ಅದೂ ಇಲ್ಲ. ಎರಡೇ ತಿಂಗಳಲ್ಲಿ ಯಂತ್ರ ಅಟ್ಟ ಸೇರಿತು.

ನಂತರ ಬಂದದ್ದು ಕಾಲರ್ ಐಡಿ ಪೆಟ್ಟಿಗೆ. ಇದಕ್ಕೆ ಎಕ್ಸ್‌ಚೇಂಜಿಗೆ ಅರ್ಜಿ ಕೊಟ್ಟು ಸೌಲಭ್ಯ ಪಡೆಯಬೇಕಿತ್ತು. ಗಂಟೆ ಬಾರಿಸುವ ಹೊತ್ತಿಗೇ ಎಕ್ಸ್‌ಚೇಂಜ್ ಅದೇ ತಂತಿಯಲ್ಲಿ ಕರೆದವರ ಸಂಖ್ಯೆಯನ್ನು ಸಂಕೇತವಾಗಿ ಕಳಿಸುತ್ತದೆ. ಪೆಟ್ಟಿಗೆ ಅದನ್ನು ಗುರುತಿಸಿ, ವೇಳೆಯ ಸಮೇತ ಇಟ್ಟುಕೊಳ್ಳುತ್ತದೆ. ಫೋನ್ ಎತ್ತಬೇಕಿಲ್ಲ, ಯಾರಿಗೂ ಖರ್ಚಿಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ. ಅಂಕಿ ಓದುವ ಕೆಲಸ ನನ್ನದಾಯಿತು. 0832 ಅಂದರೆ ಗೋವಾ, 022 ಅಂದರೆ ಮುಂಬಯಿ, 08352 ಅಂದರೆ ವಿಜಾಪುರ. ಬಂದ ಸಂಖ್ಯೆಗಳನ್ನೆಲ್ಲ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದೆ.

ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ 0832ರ ಒಂದೇ ಸಂಖ್ಯೆಯಿಂದ ಒಂದೇ ತಾಸಿನಲ್ಲಿ ಆರು ಸಲ ಕರೆ ಬಂದಿತ್ತು. ಅದು ಅಣ್ಣನ ಎಂದಿನ ಬೂತಿನದಲ್ಲ. ಅಪ್ಪನಿಗೆ ಹೇಳಿ ಅದೇ ಸಂಖ್ಯೆಗೆ ತಿರುಗಿ ಹಚ್ಚಿದೆವು. ಎತ್ತಿದವರು ದವಾಖಾನೆಯ ಎದುರಿನ ಬೂತಿನವರು. ಅಣ್ಣ ಕಟ್ಟಡದ ಮೇಲಿಂದ ಬಿದ್ದಿದ್ದ. ಅವರು ಹೊರಗೆ ಕೂಗಿ, ಜೊತೆಗಾರನೊಬ್ಬನನ್ನು ಕರೆದುಕೊಟ್ಟರು. ಅಪ್ಪ ಅದೇ ರಾತ್ರಿ ಹೈವೇಗೆ ಹೋಗಿ ಸಿಕ್ಕ ಗಾಡಿ ಹತ್ತಿದರು. ಅಣ್ಣ ಬದುಕಿದ. ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಆ ದಿನದಿಂದ ಅವ್ವ ನನ್ನೆದುರು ಕುಳಿತು ಅಂಕಿ ಕಲಿತಳು. ಸೊನ್ನೆಯಿಂದ ಒಂಬತ್ತರವರೆಗೆ ಕಲಿಯಲು ಅವಳಿಗೆ ಹಿಡಿದದ್ದು ಎಂಟು ದಿನ.

2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು. ಸಂಖ್ಯೆ ಕಾಣುವುದು ಸಾಮಾನ್ಯವಾದ್ದರಿಂದಲೇ 'ಮಿಸ್ ಕಾಲ್' ಎಂಬ ನಮ್ಮದೇ ಭಾಷೆ ಹುಟ್ಟಿತು: ಒಂದು ಗಂಟೆ ಅಂದರೆ ಮುಟ್ಟಿದೆ, ಎರಡು ಅಂದರೆ ನೀನೇ ಹಚ್ಚು. 2013ರ ಜುಲೈಯಲ್ಲಿ ತಂತಿ ಸೇವೆಯೂ ನಿಂತಿತು. ಮನೆಯ ಫೋನುಗಳನ್ನು ಒಬ್ಬೊಬ್ಬರಾಗಿ ಮರಳಿಸಿದರು.

ಯಂತ್ರ ಸಂಖ್ಯೆ ತೋರಿಸಿತು ನಿಜ. ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಕಲಿಸಿದ್ದು ಶಾಲೆ. ಎಷ್ಟೋ ಮನೆಗಳಲ್ಲಿ ಹೈಸ್ಕೂಲಿಗೆ ಹೋಗುವ ಮಗಳೇ ಮನೆಯ ಆಪರೇಟರ್ ಆಗಿದ್ದಳು. ಈ ಮಾತು ಯಾವ ದಾಖಲೆಯಲ್ಲೂ ಇಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಅಟ್ಟದ ಮೇಲೆ ಹಳೆಯ ಫೋನ್ ಡೈರಿ, ಬೂತಿನ ಚೀಟಿ, ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಶಾಲೆಗೆ ತಂದುಕೊಡಿ. ನಮ್ಮೂರವರು ಎಲ್ಲೆಲ್ಲಿ ದುಡಿದರು, ಯಾರು ಯಾರಿಗಾಗಿ ಕಾದರು ಎಂಬ ಇತಿಹಾಸ ಆ ಹಾಳೆಗಳಲ್ಲಿದೆ. ನನ್ನ ನೋಟ್‌ಬುಕ್ಕನ್ನು ಮೊದಲು ನಾನೇ ತರುತ್ತೇನೆ.