ಹನಾ ಕಿಮುರಾ: ಕಣದ ಖಳನಾಯಕಿ, ಕಣದಾಚೆಯ ದುರಂತ

ಜಪಾನಿನ ಮಹಿಳಾ ವೃತ್ತಿಪರ ಕುಸ್ತಿಯಲ್ಲಿ ನಾಲ್ಕೇ ವರ್ಷಗಳಲ್ಲಿ ಮುಂಚೂಣಿಗೆ ಬಂದು, 22ನೇ ವಯಸ್ಸಿನಲ್ಲೇ ಕಣ್ಮರೆಯಾದ ಕುಸ್ತಿಪಟು ಹನಾ ಕಿಮುರಾ. ಗುಲಾಬಿ ಬಣ್ಣದ ಕೂದಲು, ಮುಖಕ್ಕೆ ವಿಷಾನಿಲ ತಡೆಯುವ ಮುಖವಾಡ, ನಡಿಗೆಯಲ್ಲಿ ಠೇಂಕಾರ ಇವು ಕಣದಲ್ಲಿ ಅವರ ಗುರುತುಗಳಾಗಿದ್ದವು. 2020ರ ಮೇ 23ರಂದು ಅವರು ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು. ಅದಕ್ಕೂ ಮುನ್ನ ವಾರಗಟ್ಟಲೆ ಅಂತರ್ಜಾಲದಲ್ಲಿ ಅವರ ಮೇಲೆ ನಿಂದನೆಯ ಸುರಿಮಳೆಯೇ ಆಗಿತ್ತು. ಆ ಸಾವಿನ ಬೆನ್ನಲ್ಲೇ ಎದ್ದ ಚರ್ಚೆ ಜಪಾನಿನ ದಂಡ ಸಂಹಿತೆಯ ತಿದ್ದುಪಡಿಗೆ ಕಾರಣವಾಯಿತು.

ಕುಸ್ತಿಯೂ ಹೌದು, ನಾಟಕವೂ ಹೌದು

ಮೈಸೂರು ದಸರಾದ ನಾಡಕುಸ್ತಿ ನೋಡಿ ಬೆಳೆದ ಕನ್ನಡಿಗರಿಗೆ ವೃತ್ತಿಪರ ಕುಸ್ತಿಯ ಬಗೆ ಸ್ವಲ್ಪ ಬೇರೆಯೇ ಎನಿಸುತ್ತದೆ. ಗರಡಿಯ ಮಟ್ಟಿಯಲ್ಲಿ ಗೆಲುವು ಯಾರದೆಂದು ಮೊದಲೇ ತಿಳಿದಿರುವುದಿಲ್ಲ. ವೃತ್ತಿಪರ ಕುಸ್ತಿಯಲ್ಲಾದರೋ ಫಲಿತಾಂಶವನ್ನು ಸಂಘಟಕರು ಮೊದಲೇ ನಿಶ್ಚಯಿಸಿರುತ್ತಾರೆ. ಟಿವಿಯಲ್ಲಿ ಅಂಡರ್‌ಟೇಕರ್, ಗ್ರೇಟ್ ಖಲಿ ಮುಂತಾದವರ ಸೆಣಸಾಟ ನೋಡಿದವರಿಗೆ ಇದರ ಪರಿಚಯವಿದೆ. ಹಾಗೆಂದು ಎಲ್ಲವೂ ಹುಸಿ ಎನ್ನುವಂತಿಲ್ಲ. ಎತ್ತಿ ಒಗೆಯುವುದು, ಹಗ್ಗದ ಮೇಲಿಂದ ಹಾರುವುದು, ಬೆನ್ನಡಿಯಾಗಿ ಬೀಳುವುದು ಎಲ್ಲವೂ ನಿಜ. ಬೀಳುವುದನ್ನು ಕಲಿಯಲೆಂದೇ ತಿಂಗಳುಗಟ್ಟಲೆ ತಾಲೀಮು ನಡೆಸಬೇಕು. ಮೂಳೆ ಮುರಿದರೆ ನೋವೂ ನಿಜವೇ.

ಈ ಆಟದಲ್ಲಿ ಪಾತ್ರಗಳು ಎರಡು ಬಗೆ. ಪ್ರೇಕ್ಷಕರ ಮೆಚ್ಚುಗೆಗೆ ಪಾತ್ರರಾಗುವ ನಾಯಕ ಅಥವಾ ನಾಯಕಿ ಒಂದೆಡೆ. ಮೋಸ, ಅಹಂಕಾರಗಳಿಂದ ಪ್ರೇಕ್ಷಕರನ್ನು ಕೆರಳಿಸುವ 'ಹೀಲ್' ಅಂದರೆ ಖಳ ಪಾತ್ರ ಇನ್ನೊಂದೆಡೆ. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದಷ್ಟೂ ಖಳ ಪಾತ್ರಧಾರಿ ಗೆದ್ದಂತೆ.

ಕನ್ನಡಿಗರಿಗೆ ಈ ಒಪ್ಪಂದ ಹೊಸದಲ್ಲ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯಿಂದ ಹಿಡಿದು ವಜ್ರಮುನಿಯವರ ಚಲನಚಿತ್ರಗಳವರೆಗೆ, ಖಳನನ್ನು ಶಪಿಸುವುದು ಮತ್ತು ನಟನನ್ನು ಮೆಚ್ಚುವುದು ಎರಡನ್ನೂ ನಮ್ಮ ಪ್ರೇಕ್ಷಕರು ಒಟ್ಟಿಗೇ ಮಾಡಿದ್ದಾರೆ. ಪರದೆ ಇಳಿದ ಮೇಲೆ ಪಾತ್ರವೂ ಮುಗಿಯಿತು ಎಂಬ ತಿಳಿವಳಿಕೆ ಎಲ್ಲರಿಗೂ ಇತ್ತು. ಹನಾ ಕಿಮುರಾ ಅವರ ವಿಷಯದಲ್ಲಿ ತಪ್ಪಿದ್ದು ಈ ತಿಳಿವಳಿಕೆಯೇ.

ಜಪಾನಿನ ಮಹಿಳಾ ಕುಸ್ತಿ ಪರಂಪರೆ

ಜಪಾನಿನಲ್ಲಿ ಮಹಿಳಾ ವೃತ್ತಿಪರ ಕುಸ್ತಿಗೆ ಪ್ರತ್ಯೇಕ ಸಂಸ್ಥೆಗಳು, ಪ್ರತ್ಯೇಕ ಅಭಿಮಾನಿ ಬಳಗ ಇವೆ. 1968ರಲ್ಲಿ ಸ್ಥಾಪನೆಯಾದ ಆಲ್ ಜಪಾನ್ ವಿಮೆನ್ಸ್ ಪ್ರೊ ರೆಸ್ಲಿಂಗ್ ಸಂಸ್ಥೆ ಇದಕ್ಕೆ ಬುನಾದಿ ಹಾಕಿತು. 1970ರ ದಶಕದಲ್ಲಿ ಜ್ಯಾಕಿ ಸಾಟೊ ಮತ್ತು ಮಾಕಿ ಉಯೆದಾ ಅವರ 'ಬ್ಯೂಟಿ ಪೇರ್' ಜೋಡಿ ಕುಸ್ತಿಯ ಜೊತೆಗೆ ಹಾಡಿನಲ್ಲೂ ಜನಪ್ರಿಯವಾಯಿತು. 1980ರ ದಶಕದಲ್ಲಿ ಚಿಗುಸಾ ನಾಗಾಯೊ ಮತ್ತು ಲಯನೆಸ್ ಅಸುಕಾ ಅವರ 'ಕ್ರಷ್ ಗಲ್ಸ್' ಜೋಡಿಗೆ ಶಾಲಾ ಬಾಲಕಿಯರು ಮುಗಿಬಿದ್ದರು.

ಆ ಜೋಡಿಗೆ ಎದುರಾಗಿ ನಿಂತವರು ಡಂಪ್ ಮಾತ್ಸುಮೊಟೊ ಎಂಬ ಖಳನಾಯಕಿ. 1985ರಲ್ಲಿ ಒಸಾಕಾದಲ್ಲಿ ನಡೆದ ಪಂದ್ಯದಲ್ಲಿ ಸೋತ ಚಿಗುಸಾ ಅವರ ತಲೆಯನ್ನು ಕಣದಲ್ಲೇ ಬೋಳಿಸಲಾಯಿತು. ನೆರೆದಿದ್ದ ಬಾಲಕಿಯರು ಗೋಳಾಡಿದರು. ಡಂಪ್ ಅವರ ಜೀವನ ಕಥೆಯನ್ನು ಆಧರಿಸಿದ ಧಾರಾವಾಹಿಯೊಂದು 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು.

ಆಲ್ ಜಪಾನ್ ಸಂಸ್ಥೆ 2005ರಲ್ಲಿ ಮುಚ್ಚಿತು. ಹಲವು ಸಣ್ಣ ಸಂಸ್ಥೆಗಳು ಉಳಿದವು. 2010ರಲ್ಲಿ ಸ್ಥಾಪನೆಯಾಗಿ, 2011ರ ಜನವರಿಯಲ್ಲಿ ಮೊದಲ ಪ್ರದರ್ಶನ ನೀಡಿದ 'ಸ್ಟಾರ್ಡಮ್' ಸಂಸ್ಥೆ ಕ್ರಮೇಣ ಎಲ್ಲರನ್ನೂ ಹಿಂದಿಕ್ಕಿತು. ಹನಾ ಬೆಳಗಿದ್ದು ಈ ವೇದಿಕೆಯಲ್ಲಿ.

ತಾಯಿಯ ಹಾದಿಯಲ್ಲಿ ಮಗಳು

ಹನಾ 1997ರ ಸೆಪ್ಟೆಂಬರ್ 3ರಂದು ಯೊಕೊಹಾಮಾದಲ್ಲಿ ಜನಿಸಿದರು. 'ಹನಾ' ಎಂದರೆ ಜಪಾನಿ ಭಾಷೆಯಲ್ಲಿ ಹೂವು. ತಾಯಿ ಕ್ಯೋಕೊ ಕಿಮುರಾ ಸ್ವತಃ ಹೆಸರಾಂತ ವೃತ್ತಿಪರ ಕುಸ್ತಿಪಟು, ತಂದೆ ಇಂಡೊನೇಷ್ಯಾ ಮೂಲದವರು. ಒಂಟಿಯಾಗಿ ಮಗಳನ್ನು ಸಾಕುತ್ತಿದ್ದ ತಾಯಿಯೊಡನೆ ಬಾಲ್ಯದಿಂದಲೇ ಹನಾ ಅವರಿಗೆ ಕುಸ್ತಿ ಕಣದ ಒಡನಾಟವಿತ್ತು.

'ರೆಸಲ್-1' ಸಂಸ್ಥೆಯ ತರಬೇತಿ ಶಾಲೆಯಲ್ಲಿ ಪಳಗಿದ ಹನಾ, 2016ರ ಮಾರ್ಚ್ 30ರಂದು ಸಹಪಾಠಿ ರೇಕಾ ಸೈಕಿ ವಿರುದ್ಧ ಮೊದಲ ಪಂದ್ಯ ಆಡಿ ಸೋತರು. ಆದರೆ ಅದೇ ವರ್ಷ ಜೆಡಬ್ಲ್ಯುಪಿ ಸಂಸ್ಥೆಯ ಕಿರಿಯರ ಪಟ್ಟ ಅವರ ಪಾಲಾಯಿತು. ಸ್ಟಾರ್ಡಮ್‌ನಲ್ಲಿ ಖಳ ಪಾತ್ರಗಳ ತಂಡವಾದ 'ಓಎದೊ ತಾಯ್' ಸೇರಿ, ತಾಯಿ ಕ್ಯೋಕೊ ಮತ್ತು ತಂಡದ ಕಾಗೆತ್ಸು ಅವರೊಡನೆ ಮೂವರ ತಂಡದ ಪಟ್ಟವನ್ನೂ ಗೆದ್ದರು. ತಾಯಿ, ಮಗಳು ಒಂದೇ ತಂಡದಲ್ಲಿ ಪಟ್ಟಧರಿಸಿದ್ದು ಅಭಿಮಾನಿಗಳಿಗೆ ಹಬ್ಬವಾಗಿತ್ತು. 2017ರ ಜನವರಿಯಲ್ಲಿ ಕ್ಯೋಕೊ ನಿವೃತ್ತರಾದರು. ಅದೇ ವರ್ಷ ಹನಾ, ಕಾಗೆತ್ಸು ಅವರ ಜೊತೆಗೂಡಿ ಜೋಡಿ ಪಟ್ಟವನ್ನು ಪಡೆದರು.

ಮುಂಚೂಣಿಯತ್ತ

2019 ಹನಾ ಅವರ ಪಾಲಿಗೆ ನಿರ್ಣಾಯಕ ವರ್ಷ. ಮಾರ್ಚ್‌ನಲ್ಲಿ ರೆಸಲ್-1 ತೊರೆದು ಸ್ಟಾರ್ಡಮ್‌ನ ಪೂರ್ಣಾವಧಿ ಕುಸ್ತಿಪಟುವಾದರು. ಮುಂದಿನ ತಿಂಗಳೇ 'ಟೋಕಿಯೊ ಸೈಬರ್ ಸ್ಕ್ವಾಡ್' ಎಂಬ ಹೊಸ ತಂಡದ ನಾಯಕಿಯಾದರು. ಪ್ರತಿಯೊಬ್ಬರೂ ಭಿನ್ನ, ಪ್ರತಿಯೊಬ್ಬರೂ ವಿಶೇಷ ಎಂಬುದು ಆ ತಂಡದ ಘೋಷವಾಕ್ಯದ ಆಶಯವಾಗಿತ್ತು. ತಂಡದ ಜಂಗಲ್ ಕ್ಯೋನಾ ಮತ್ತು ಕೊನಾಮಿ ಅವರೊಡನೆ ಆ ವರ್ಷ ಮತ್ತೊಮ್ಮೆ ಮೂವರ ತಂಡದ ಪಟ್ಟ ಗೆದ್ದರು.

ಸ್ಟಾರ್ಡಮ್‌ನ ವಾರ್ಷಿಕ ಲೀಗ್ ಪಂದ್ಯಾವಳಿ '5 ಸ್ಟಾರ್ ಗ್ರ್ಯಾಂಡ್ ಪ್ರಿ'. 2019ರ ಸೆಪ್ಟೆಂಬರ್ 22ರಂದು ನಡೆದ ಅದರ ಅಂತಿಮ ಪಂದ್ಯದಲ್ಲಿ ತಮ್ಮ ತಂಡದವರೇ ಆದ ಕೊನಾಮಿ ಅವರನ್ನು ಮಣಿಸಿ ಹನಾ ಪ್ರಶಸ್ತಿ ಗೆದ್ದರು. ಅದು ಅವರ ವೃತ್ತಿಜೀವನದ ಅತಿ ದೊಡ್ಡ ಗೆಲುವು. ಸ್ಟಾರ್ಡಮ್‌ನ ಅತ್ಯುನ್ನತ ವೈಯಕ್ತಿಕ ಪಟ್ಟ ಮಾತ್ರ ಕೊನೆಯವರೆಗೂ ಒಲಿಯಲಿಲ್ಲ.

ಅದೇ ವರ್ಷ ಐಸ್ ರಿಬ್ಬನ್ ಸಂಸ್ಥೆಯನ್ನು ಬಿಟ್ಟು ಬಂದ ಜೂಲಿಯಾ ಎಂಬ ಕುಸ್ತಿಪಟುವಿನೊಡನೆ ಹನಾ ಅವರ ವೈರತ್ವದ ಕಥಾನಕ ಆರಂಭವಾಯಿತು. ಇಬ್ಬರೂ ಮಾತಿನಲ್ಲಿ ಚುರುಕು, ಇಬ್ಬರೂ ಮಿಶ್ರ ಮೂಲದವರು. ಸ್ಟಾರ್ಡಮ್‌ನ ಮುಂದಿನ ವರ್ಷಗಳನ್ನು ಈ ಇಬ್ಬರೇ ಆಳುವರೆಂಬ ನಿರೀಕ್ಷೆ ಇತ್ತು. 2020ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಪುರುಷರ 'ರೆಸಲ್ ಕಿಂಗ್‌ಡಮ್' ಮಹಾಪ್ರದರ್ಶನಕ್ಕೂ ಮುನ್ನ ನಡೆದ ಮಹಿಳಾ ಜೋಡಿ ಪಂದ್ಯದಲ್ಲಿ ಈ ಎದುರಾಳಿಗಳೇ ಜೊತೆಯಾಗಿ, ಮಾಯು ಇವಾತಾನಿ ಮತ್ತು ಅರಿಸಾ ಹೋಶಿಕಿ ವಿರುದ್ಧ ಸೆಣಸಿ ಸೋತರು. ಜಪಾನಿನ ಕುಸ್ತಿಪಟುವಿಗೆ ಟೋಕಿಯೊ ಡೋಮ್ ಮೆಟ್ಟಿಲೇರುವುದೆಂದರೆ ಸಣ್ಣ ಮಾತಲ್ಲ.

'ಟೆರೇಸ್ ಹೌಸ್' ಮತ್ತು ಒಂದು ಉಡುಪು

2019ರ ಶರತ್ಕಾಲದಲ್ಲಿ ಹನಾ 'ಟೆರೇಸ್ ಹೌಸ್' ಎಂಬ ರಿಯಾಲಿಟಿ ಷೋ ಪ್ರವೇಶಿಸಿದರು. ಆರು ಮಂದಿ ಯುವಕ, ಯುವತಿಯರು ಒಂದೇ ಮನೆಯಲ್ಲಿ ವಾಸಿಸುವುದನ್ನು ಚಿತ್ರೀಕರಿಸಿ ತೋರಿಸುವ ಕಾರ್ಯಕ್ರಮವಿದು. ಫ್ಯೂಜಿ ಟಿವಿ ನಿರ್ಮಾಣದ ಈ ಷೋ ನೆಟ್‌ಫ್ಲಿಕ್ಸ್ ಮೂಲಕ ಅನೇಕ ದೇಶಗಳಿಗೆ ತಲುಪುತ್ತಿತ್ತು. ಇಲ್ಲಿ ಕಥೆಯಿಲ್ಲ, ಇದು ನಿಜ ಜೀವನ ಎಂಬುದೇ ಕಾರ್ಯಕ್ರಮದ ಬಂಡವಾಳ.

2020ರ ಮಾರ್ಚ್ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ಸಂಚಿಕೆಯಲ್ಲಿ, ಮನೆಯ ಯುವಕನೊಬ್ಬ ಬಟ್ಟೆ ಒಗೆಯುವಾಗ ಹನಾ ಅವರ ಕುಸ್ತಿ ಉಡುಪು ಕುಗ್ಗಿ ಹಾಳಾಯಿತು. ಅದು ಟೋಕಿಯೊ ಡೋಮ್‌ನಲ್ಲಿ ತೊಟ್ಟಿದ್ದ ಉಡುಪು. ಸಿಟ್ಟಿಗೆದ್ದ ಹನಾ ಯುವಕನನ್ನು ಗದರಿಸಿ, ಅವನ ತಲೆಯ ಟೋಪಿಯನ್ನು ಕಿತ್ತೆಸೆದರು. ಕಣದಲ್ಲಿ ಇದೇ ಸಿಟ್ಟಿಗೆ ಚಪ್ಪಾಳೆ ಬೀಳುತ್ತಿತ್ತು. ಮನೆಯೊಳಗೆ ಕಂಡ ಸಿಟ್ಟು ಮಾತ್ರ ಹನಾ ಅವರ ನಿಜ ಗುಣವೆಂದೇ ಜನ ಭಾವಿಸಿದರು. ಟ್ವಿಟರ್ ಮುಂತಾದ ತಾಣಗಳಲ್ಲಿ ಅನಾಮಧೇಯರು ಅವರ ರೂಪ, ಮೈಬಣ್ಣ, ಹುಟ್ಟನ್ನು ಹಳಿದರು, ಬದುಕಿರಬಾರದೆಂದೂ ಬರೆದರು.

ಕೊರೊನಾ ಕಾರಣ ಕುಸ್ತಿ ಪ್ರದರ್ಶನಗಳು ನಿಂತಿದ್ದವು. ಪ್ರೇಕ್ಷಕರ ಎದುರು ಕಣಕ್ಕಿಳಿಯುವ ಅವಕಾಶವೂ ಇರಲಿಲ್ಲ. ಮೇ 19ರಂದು ಅದೇ ಸಂಚಿಕೆ ಫ್ಯೂಜಿ ಟಿವಿಯಲ್ಲಿ ಪ್ರಸಾರವಾಯಿತು, ನಿಂದನೆ ಮತ್ತೆ ಭುಗಿಲೆದ್ದಿತು. ನಾಲ್ಕು ದಿನಗಳ ನಂತರ ಹನಾ ನಿಧನರಾದರು. ಇಂತಹ ಸಾವಿಗೆ ಕಾರಣ ಎಂದೂ ಒಂದೇ ಇರುವುದಿಲ್ಲ ಎನ್ನುವುದು ಮನೋವೈದ್ಯರ ಅಭಿಮತ. ಆದರೆ ನಿಂದನೆಯ ಪಾಲು ಇಲ್ಲವೆನ್ನಲು ಯಾರಿಗೂ ಸಾಧ್ಯವಾಗಲಿಲ್ಲ. ಕೆಲವೇ ದಿನಗಳಲ್ಲಿ 'ಟೆರೇಸ್ ಹೌಸ್' ರದ್ದಾಯಿತು.

9,000 ಯೆನ್ ದಂಡ

ಟೋಕಿಯೊ ಪೊಲೀಸರು ನಿಂದಕರ ಬೆನ್ನು ಹತ್ತಿದರು. 2021ರಲ್ಲಿ ಇಬ್ಬರಿಗೆ ಅಪಮಾನದ ಅಪರಾಧಕ್ಕಾಗಿ ತಲಾ 9,000 ಯೆನ್ ದಂಡ ಬಿತ್ತು. ಅಂದಿನ ಕಾನೂನಿನಲ್ಲಿ ಈ ಅಪರಾಧಕ್ಕೆ 30 ದಿನಗಳೊಳಗಿನ ಬಂಧನ ಅಥವಾ 10,000 ಯೆನ್‌ಗಿಂತ ಕಡಿಮೆ ದಂಡ, ಇಷ್ಟೇ ಶಿಕ್ಷೆ. ಒಂದು ಜೀವಕ್ಕೆ ಇಷ್ಟೇ ಬೆಲೆಯೇ ಎಂಬ ಪ್ರಶ್ನೆ ದೇಶವನ್ನು ಕಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ, ಸಾವಿನ ನಂತರವೂ ಹನಾ ಅವರನ್ನು ಹಳಿದಿದ್ದ ವ್ಯಕ್ತಿಯೊಬ್ಬ ತಾಯಿಗೆ ಸುಮಾರು 12.9 ಲಕ್ಷ ಯೆನ್ ಪರಿಹಾರ ನೀಡಬೇಕೆಂದು ಆದೇಶಿಸಿತು.

ತಾಯಿ ಕ್ಯೋಕೊ 'ರಿಮೆಂಬರ್ ಹನಾ' ಎಂಬ ಸಂಸ್ಥೆ ಸ್ಥಾಪಿಸಿ ಕಾನೂನು ಬದಲಾವಣೆಗೆ ಓಡಾಡಿದರು. 2022ರ ಜೂನ್ 13ರಂದು ಸಂಸತ್ತು ದಂಡ ಸಂಹಿತೆಯ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಜುಲೈ 7ರಿಂದ ಜಾರಿಗೆ ಬಂದ ನಿಯಮದಂತೆ ಈ ಅಪರಾಧಕ್ಕೆ 1 ವರ್ಷದವರೆಗೆ ಸೆರೆವಾಸ ಅಥವಾ 3 ಲಕ್ಷ ಯೆನ್‌ವರೆಗೆ ದಂಡ ವಿಧಿಸಬಹುದು. ಮೊಕದ್ದಮೆ ಹೂಡಲು ಇದ್ದ ಕಾಲಮಿತಿ 1 ವರ್ಷದಿಂದ 3 ವರ್ಷಕ್ಕೆ ಏರಿತು. ಇದರಿಂದ ಅಧಿಕಾರಸ್ಥರ ಟೀಕೆಗೂ ಕಡಿವಾಣ ಬೀಳಬಹುದೆಂದು ಜಪಾನಿನ ವಕೀಲರ ಒಕ್ಕೂಟ ವಿರೋಧಿಸಿತ್ತು. ಹಾಗಾಗಿ 3 ವರ್ಷಗಳ ಬಳಿಕ ಮರುಪರಿಶೀಲನೆ ನಡೆಸುವ ಷರತ್ತನ್ನೂ ಸೇರಿಸಲಾಯಿತು.

ವಾಹಿನಿಯ ಹೊಣೆಯ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಚಿತ್ರೀಕರಣ ಸಿಬ್ಬಂದಿಯೇ ಮಗಳನ್ನು ಪ್ರಚೋದಿಸಿದ್ದರು ಎಂಬುದು ತಾಯಿಯ ಆರೋಪ. ಫ್ಯೂಜಿ ಟಿವಿ ತನ್ನ ಆಂತರಿಕ ತನಿಖೆಯ ಬಳಿಕ ಇದನ್ನು ನಿರಾಕರಿಸಿತು. 2021ರ ಮಾರ್ಚ್‌ನಲ್ಲಿ ಜಪಾನಿನ ಪ್ರಸಾರ ನೀತಿ ಸಂಸ್ಥೆ, ಮಾನವ ಹಕ್ಕುಗಳ ಉಲ್ಲಂಘನೆ ಆಗಿಲ್ಲ ಎಂದರೂ, ಹನಾ ಅವರ ಮಾನಸಿಕ ಸ್ಥಿತಿಯ ಬಗ್ಗೆ ಸಾಕಷ್ಟು ಕಾಳಜಿ ವಹಿಸದೆ ಸಂಚಿಕೆಯನ್ನು ಪ್ರಸಾರ ಮಾಡಿದ್ದು ನೀತಿಯ ದೃಷ್ಟಿಯಿಂದ ಸರಿಯಲ್ಲ ಎಂದಿತು. 2022ರ ಡಿಸೆಂಬರ್‌ನಲ್ಲಿ ಕ್ಯೋಕೊ ವಾಹಿನಿಯ ವಿರುದ್ಧ ಮೊಕದ್ದಮೆ ಹೂಡಿದರು.

ನಮ್ಮಲ್ಲಿ ಹೇಗೆ?

ಅಂತರ್ಜಾಲದಲ್ಲಿ ನೋವುಂಟುಮಾಡುವ ಸಂದೇಶ ಕಳುಹಿಸುವುದನ್ನು ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಅದು ವಾಕ್ ಸ್ವಾತಂತ್ರ್ಯಕ್ಕೆ ಮಾರಕವೆಂಬುದು ಕಾರಣ. ಮಾನಹಾನಿ, ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತು, ಅಂತರ್ಜಾಲದ ಮೂಲಕ ಬೆನ್ನು ಬೀಳುವುದು ಇವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧಗಳಾಗಿವೆ. ಜಪಾನ್ ಶಿಕ್ಷೆ ಹೆಚ್ಚಿಸಿತು, ಭಾರತ ಕಲಮನ್ನೇ ಕೈಬಿಟ್ಟಿತು. ಎರಡೂ ದೇಶಗಳು ಎದುರಿಸಿದ ಇಕ್ಕಟ್ಟು ಮಾತ್ರ ಒಂದೇ: ಟೀಕೆಯ ಹಕ್ಕನ್ನು ಉಳಿಸಿಕೊಂಡು ಕಿರುಕುಳವನ್ನು ತಡೆಯುವುದು ಹೇಗೆ?

2013ರಲ್ಲಿ ಬಿಗ್ ಬಾಸ್ ಕನ್ನಡಕ್ಕೆ ಬಂದ ಮೇಲೆ ರಿಯಾಲಿಟಿ ಷೋ ಸ್ಪರ್ಧಿಗಳನ್ನು ಮೆಚ್ಚುವುದು, ಜರೆಯುವುದು ನಮ್ಮ ಮನೆಗಳಲ್ಲೂ ನಿತ್ಯದ ಮಾತಾಗಿದೆ. ದಿನವಿಡೀ ನಡೆದದ್ದರಲ್ಲಿ ಪರದೆಗೆ ಬರುವುದು ಸಂಕಲನಕಾರರು ಆಯ್ದ ಕೆಲವು ನಿಮಿಷಗಳು ಮಾತ್ರ. ಕಣದ ಖಳನಾಯಕಿಗೆ ಕೂಗಿದ ಛೀಮಾರಿ ಪಂದ್ಯದೊಡನೆ ಮುಗಿಯುತ್ತದೆ. ಮೊಬೈಲಿಗೆ ಕಳುಹಿಸಿದ ಛೀಮಾರಿ ರಾತ್ರಿಯೂ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ.

ಸಂಕ್ಷಿಪ್ತ ಪರಿಚಯ

ಹೆಸರು: ಹನಾ ಕಿಮುರಾ
ಜನನ: 1997ರ ಸೆಪ್ಟೆಂಬರ್ 3, ಯೊಕೊಹಾಮಾ
ಮೊದಲ ಪಂದ್ಯ: 2016ರ ಮಾರ್ಚ್ 30
ಪ್ರತಿನಿಧಿಸಿದ ಪ್ರಮುಖ ಸಂಸ್ಥೆಗಳು: ರೆಸಲ್-1, ಸ್ಟಾರ್ಡಮ್
ಪ್ರಮುಖ ಗೆಲುವು: 5 ಸ್ಟಾರ್ ಗ್ರ್ಯಾಂಡ್ ಪ್ರಿ, 2019
ನಿಧನ: 2020ರ ಮೇ 23
ಸ್ಮರಣೆ: 2021ರ ಮೇ 23ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ತಾಯಿ ಕ್ಯೋಕೊ ನೇತೃತ್ವದಲ್ಲಿ ಸ್ಮರಣಾರ್ಥ ಕುಸ್ತಿ ಪ್ರದರ್ಶನ

ಮನಸ್ಸು ಕುಗ್ಗಿದಾಗ, ನಿಂದನೆ ಸಹಿಸಲಾಗದಾದಾಗ ಒಂಟಿಯಾಗಿ ಕೊರಗಬೇಕಿಲ್ಲ. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಸಮನ್ವಯದ ಸರ್ಕಾರಿ ಸಹಾಯವಾಣಿ 'ಟೆಲಿ ಮನಸ್' ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು.