ಜೋ ಹಿಲ್ ಪ್ರಕರಣ: ಹಿಲ್ಡಾ ಎರಿಕ್ಸನ್ ಪತ್ರದ ತೂಕವೆಷ್ಟು?

ಸ್ವೀಡನ್ ಮೂಲದ ಕಾರ್ಮಿಕ ಕವಿ ಜೋ ಹಿಲ್ ಕೊಲೆಗಾರನೋ ಅಲ್ಲವೋ ಎಂಬ ಹಳೆಯ ಚರ್ಚೆ 2011ರಲ್ಲಿ ಮತ್ತೆ ಕಾವೇರಿತು. ವಿಲಿಯಂ ಆಡ್ಲರ್ ಆ ವರ್ಷ ಪ್ರಕಟಿಸಿದ ಜೀವನಚರಿತ್ರೆಯಲ್ಲಿ, ಹಿಲ್‌ನನ್ನು ಪ್ರೀತಿಸಿದ್ದ ಹಿಲ್ಡಾ ಎರಿಕ್ಸನ್ 1949ರಲ್ಲಿ ಆಬ್ರಿ ಹಾನ್ ಎಂಬ ಪ್ರಾಧ್ಯಾಪಕರಿಗೆ ಬರೆದಿದ್ದ ಪತ್ರವೊಂದು ಮೊದಲ ಸಲ ಬೆಳಕು ಕಂಡಿತು. ಅದು ಅಷ್ಟು ಕಾಲ ಮಿಶಿಗನ್ನಿನ ಮನೆಯೊಂದರ ಅಟ್ಟದಲ್ಲಿ ಬಿದ್ದಿತ್ತು. ಕೊಲೆ ನಡೆದ ರಾತ್ರಿಯೇ ಹಿಲ್‌ನ ಎದೆಗೆ ಗುಂಡು ಹಾರಿಸಿದವನು ಅವನ ಗೆಳೆಯ ಓಟೊ ಆಪೆಲ್‌ಕ್ವಿಸ್ಟ್, ಜಗಳದ ಮೂಲ ತಾನು, ಇದನ್ನು ತನಗೆ ಹೇಳಿದವನು ಸ್ವತಃ ಹಿಲ್: ಪತ್ರದ ಸಾರ ಇಷ್ಟು. ಆಡ್ಲರ್ ಇದನ್ನು ಹಿಲ್ ನಿರ್ದೋಷಿ ಎಂಬುದಕ್ಕೆ ಬಲವಾದ ಆಧಾರವಾಗಿ ಮಂಡಿಸುತ್ತಾರೆ. ಅವರ ತೀರ್ಮಾನಕ್ಕೆ ನನ್ನ ತಕರಾರು ಹೆಚ್ಚಿಲ್ಲ. ತಕರಾರಿರುವುದು ಪತ್ರದ ಮೇಲೆ ಅವರು ಹೊರಿಸುವ ಭಾರದ ಬಗ್ಗೆ, ಮತ್ತು ಗುಂಡು ಹಾರಿಸಿದವನ ಹೆಸರನ್ನು ಕೊನೆಗೂ ಹೇಳದ ಹಿಲ್‌ನ ಮೌನಕ್ಕೆ ಅವರು ಕೊಡುವ ವಿವರಣೆಯ ಬಗ್ಗೆ.

ಬದುಕಿನ ಮುಖ್ಯ ಘಟನೆಗಳಲ್ಲಿ ಭಿನ್ನಾಭಿಪ್ರಾಯ ಅಷ್ಟಿಲ್ಲ. ಮುಂದೆ ಜೋ ಹಿಲ್ ಎನಿಸಿಕೊಂಡ ಯೋಎಲ್ ಇಮ್ಯಾನುಯೆಲ್ ಹೆಗ್‌ಲುಂಡ್ ಹುಟ್ಟಿದ್ದು 1879ರ ಅಕ್ಟೋಬರ್ 7ರಂದು, ಬಾಲ್ಟಿಕ್ ಕರಾವಳಿಯ ಯೆವ್ಲೆ ಪಟ್ಟಣದಲ್ಲಿ. ತಂದೆ ಊಲೊಫ್ ರೈಲ್ವೆ ನೌಕರ, 1887ರಲ್ಲಿ ತೀರಿಕೊಂಡ. ಹುಡುಗ ಹಗ್ಗದ ಕಾರ್ಖಾನೆಗೆ ಸೇರಿದ. ಮುಂದೆ ಕ್ಷಯ ಚರ್ಮಕ್ಕೂ ಕೀಲುಗಳಿಗೂ ತಗಲಿತು. ಸ್ಟಾಕ್‌ಹೋಮಿನಲ್ಲಿ ನಡೆದ ಚಿಕಿತ್ಸೆಯ ಕಲೆಗಳು ಮುಖದ ಮೇಲೆ, ಕುತ್ತಿಗೆಯ ಮೇಲೆ ಕಡೆಯವರೆಗೂ ಉಳಿದವು. 1902ರ ಆರಂಭದಲ್ಲಿ ತಾಯಿಯೂ ಹೋದಳು. ಅದೇ ವರ್ಷ ಯೋಎಲ್ ಅಣ್ಣ ಪಾಲ್ ಜೊತೆ ಅಮೆರಿಕಕ್ಕೆ ಹಡಗು ಹತ್ತಿದ. 1910ರ ಸುಮಾರಿಗೆ ‘ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್’ ಸಂಘಟನೆ ಸೇರಿ, ಅದರ ಕೆಂಪು ಹೊದಿಕೆಯ ಪುಟ್ಟ ಹಾಡಿನ ಪುಸ್ತಕಕ್ಕೆ ಹಾಡು ಕಟ್ಟತೊಡಗಿದ. 1911ರ ‘ದಿ ಪ್ರೀಚರ್ ಅಂಡ್ ದಿ ಸ್ಲೇವ್’ ಸಾಲ್ವೇಷನ್ ಆರ್ಮಿಯವರು ಬೀದಿಯಲ್ಲಿ ಹಾಡುತ್ತಿದ್ದ ಭಕ್ತಿಗೀತೆಯ ಧಾಟಿಗೇ ಹೊಸೆದ ಅಣಕು. ‘ಕೇಸಿ ಜೋನ್ಸ್, ದಿ ಯೂನಿಯನ್ ಸ್ಕ್ಯಾಬ್’ ಸದರ್ನ್ ಪೆಸಿಫಿಕ್ ರೈಲ್ವೆ ಮುಷ್ಕರಕ್ಕೆಂದು ಬರೆದದ್ದು.

ಇನ್ನು ಪ್ರಕರಣ. 1914ರ ಜನವರಿ 10ರ ರಾತ್ರಿ ಸಾಲ್ಟ್ ಲೇಕ್ ಸಿಟಿಯಲ್ಲಿ ಕಿರಾಣಿ ವ್ಯಾಪಾರಿ ಜಾನ್ ಮಾರಿಸನ್ ಮತ್ತು ಆತನ ಮಗ ಆರ್ಲಿಂಗ್ ತಮ್ಮ ಅಂಗಡಿಯಲ್ಲೇ ಗುಂಡೇಟಿಗೆ ಬಲಿಯಾದರು. ಬಂದವರಿಬ್ಬರೂ ಮುಖಕ್ಕೆ ಬಟ್ಟೆ ಕಟ್ಟಿದ್ದರು, ಹಣ ಮುಟ್ಟಲಿಲ್ಲ. ಮಾರಿಸನ್ ಹಿಂದೆ ಪೊಲೀಸನಾಗಿದ್ದವನು, ಅವನ ಮೇಲೆ ಮೊದಲೂ ದಾಳಿಗಳಾಗಿದ್ದವು. ಅದೇ ರಾತ್ರಿ ಹಿಲ್ ಎದೆಗೆ ಗುಂಡು ತಗುಲಿಸಿಕೊಂಡು ಡಾಕ್ಟರ್ ಫ್ರಾಂಕ್ ಮೆಕ್‌ಹ್ಯೂ ಮನೆಯ ಬಾಗಿಲು ತಟ್ಟಿದ. ಹೆಣ್ಣೊಬ್ಬಳ ವಿಷಯಕ್ಕೆ ಜಗಳವಾಯಿತು ಎಂದನೇ ಹೊರತು ಹೆಸರು ಹೇಳಲಿಲ್ಲ. ಜೂನ್‌ನಲ್ಲಿ ಅಪರಾಧಿ ಎಂದು ತೀರ್ಪಾಯಿತು. ಅಧ್ಯಕ್ಷ ವಿಲ್ಸನ್, ಸ್ವೀಡನ್ನಿನ ರಾಯಭಾರಿ ಎಕೆನ್‌ಗ್ರೆನ್ ಇಬ್ಬರೂ ಮಧ್ಯೆ ಬಂದರು; ಆದರೂ 1915ರ ನವೆಂಬರ್ 19ರಂದು ಹಿಲ್‌ನನ್ನು ಗುಂಡಿಕ್ಕಿ ಕೊಂದರು.

ವಿದ್ವಾಂಸರು ಎರಡು ಪಾಳಯವಾದದ್ದು ಇಲ್ಲಿಂದ ಮುಂದೆ. ಕಾದಂಬರಿಕಾರ ವಾಲೇಸ್ ಸ್ಟೆಗ್ನರ್ 1948ರ ಲೇಖನದಲ್ಲಿ, ಹಿಲ್ ಬಹುಶಃ ಕೊಲೆ ಮಾಡಿದ್ದ ಎಂದು ಬರೆದು ಸಂಘಟನೆಯವರ ಕೋಪಕ್ಕೆ ಗುರಿಯಾದರು. ಸ್ವೀಡನ್ನಿನಲ್ಲಿ ತೂರೆ ನೆರ್ಮನ್ 1951ರಲ್ಲಿ, ಅಮೆರಿಕದಲ್ಲಿ ಫಿಲಿಪ್ ಫೋನರ್ 1965ರಲ್ಲಿ ಎದುರು ಪಕ್ಷ ಹಿಡಿದರು. ಸ್ಟೆಗ್ನರ್ ಅವರನ್ನು ಪ್ರಭುತ್ವದ ವಕೀಲರೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಗುಂಡೇಟು ತಿಂದವನು ಎಲ್ಲಿ, ಯಾರಿಂದ ತಿಂದೆ ಎಂದು ಪ್ರಾಣ ಹೋಗುವಾಗಲೂ ಏಕೆ ಹೇಳಲಿಲ್ಲ ಎಂಬ ಅವರ ಪ್ರಶ್ನೆಗೆ ನೆರ್ಮನ್, ಫೋನರ್ ಇಬ್ಬರಲ್ಲೂ ತೃಪ್ತಿಕರ ಉತ್ತರವಿಲ್ಲ.

ಹಾಗಾದರೆ ಪತ್ರ ಉತ್ತರ ಕೊಡುತ್ತದೆಯೇ? ಅದರ ದೌರ್ಬಲ್ಯಗಳು ಕಣ್ಣಿಗೆ ರಾಚುವಂತಿವೆ. ಘಟನೆಗೂ ಬರವಣಿಗೆಗೂ ನಡುವೆ 35 ವರ್ಷಗಳ ಅಂತರ. ಹಿಲ್ಡಾ ಗುಂಡು ಹಾರಿದ್ದನ್ನು ಕಂಡವಳಲ್ಲ. ಆರೋಪಿಯ ಬಾಯಿಂದ ಕೇಳಿದವಳು. ಆ ಆರೋಪಿಯೋ ಆಕೆಯ ಪ್ರೀತಿಗೆ ಪಾತ್ರನಾದವನು, ಜಗತ್ತು ಆ ಹೊತ್ತಿಗಾಗಲೇ ಹುತಾತ್ಮನೆಂದು ಹಾಡಿ ಹೊಗಳುತ್ತಿದ್ದವನು. ಇಷ್ಟು ಸಾಲದೆಂಬಂತೆ ಪತ್ರ ಬಂದದ್ದು ಸ್ಟೆಗ್ನರ್ ಲೇಖನದ ಮರುವರ್ಷ. ಆ ಲೇಖನ ಆಕೆಯನ್ನು ಕೆಣಕಿರಬಹುದೆಂಬ ಸಂಶಯ ಸಹಜ. ನ್ಯಾಯಾಲಯದಲ್ಲಿ ಇಂಥ ಕೇಳಿಕೆಯ ಮಾತು ನಿಲ್ಲುವುದು ಅನುಮಾನ.

ಪತ್ರದ ಬೆಲೆ ಅದರ ಹೊರಗಿದೆ ಎಂಬುದು ನನ್ನ ವಾದ. ಜಗಳದ ಕತೆಯನ್ನು ಹಿಲ್ಡಾ 1949ರಲ್ಲಿ ಕಟ್ಟಲಿಲ್ಲ. ಅದು ಆ ರಾತ್ರಿಯೇ ವೈದ್ಯರ ಕಿವಿಗೆ ಬಿದ್ದಿತ್ತು. ಆಗಿನ್ನೂ ಹಿಲ್ ಮೇಲೆ ಯಾರೂ ಆರೋಪ ಹೊರಿಸಿರಲಿಲ್ಲ. ಪತ್ರ ಮಾಡಿದ್ದು ಆ ಹೇಳಿಕೆಯ ಎರಡು ಖಾಲಿ ಜಾಗಗಳಿಗೆ ಹೆಸರು ತುಂಬುವ ಕೆಲಸ. ತುಂಬಿದ ಹೆಸರುಗಳು ಇತರ ಸಂಗತಿಗಳಿಗೆ ಹೊಂದುತ್ತವೆಯೇ ಎಂದು ನೋಡಬೇಕು. ಹಿಲ್ ಮತ್ತು ಓಟೊ ಇಬ್ಬರೂ ಮರ್ರಿ ಎಂಬಲ್ಲಿ ಎಸೇಲಿಯಸ್ ಕುಟುಂಬದ ಮನೆಯಲ್ಲಿ ಉಳಿದಿದ್ದರು. ಹಿಲ್ಡಾ ಆ ಮನೆಯವರಿಗೆ ಸಂಬಂಧಿ, ಮೊದಲು ಓಟೊ ಜೊತೆ ಮದುವೆ ಮಾತಾಗಿದ್ದವಳು. ಗುಂಡೇಟಿನ ರಾತ್ರಿಯೇ, ನಡುರಾತ್ರಿ ಕಳೆದ ಮೇಲೆ, ಓಟೊ ಕೆಲಸ ಹುಡುಕುವ ನೆಪ ಹೇಳಿ ಮನೆಬಿಟ್ಟ; ಮತ್ತೆ ಅತ್ತ ಸುಳಿಯಲಿಲ್ಲ. ಜನವರಿಯ ಚಳಿಯಲ್ಲಿ ಆ ಹೊತ್ತಿಗೆ ಕೆಲಸ ಕೊಡುವವರು ಯಾರು? ಅವನು ಓಡಿಹೋದದ್ದನ್ನು ಪೊಲೀಸರು ಕೊಲೆಯಲ್ಲಿ ಅವನೂ ಪಾಲುದಾರ ಎಂಬುದಕ್ಕೆ ಸಾಕ್ಷಿಯಾಗಿ ಓದಿದರು. ಹಿಲ್ಡಾಳ ಪತ್ರವನ್ನು ಪಕ್ಕದಲ್ಲಿಟ್ಟರೆ ಅದೇ ಸಂಗತಿಯನ್ನು ಬೇರೆ ರೀತಿಯಲ್ಲೂ ಓದಬಹುದು.

ಕೋಟಿನ ವಿಷಯವನ್ನೂ ಇಲ್ಲೇ ನೋಡಬೇಕು. ಹಿಲ್ ತೊಟ್ಟಿದ್ದ ಕೋಟಿನಲ್ಲಿ ಗುಂಡು ತೂರಿದ ತೂತು, ಮೈಮೇಲಿನ ಗಾಯಕ್ಕಿಂತ ಸುಮಾರು 4 ಅಂಗುಲ ಕೆಳಗಿತ್ತು. ಎರಡೂ ಕೈ ಮೇಲೆತ್ತಿದಾಗ ಕೋಟು ಮೇಲಕ್ಕೆ ಸರಿಯುತ್ತದೆ. ಆಗ ಗುಂಡು ಬಿದ್ದರೆ ಮಾತ್ರ ತೂತು ಹೀಗೆ ಕೆಳಗೆ ಕಾಣುತ್ತದೆ ಎಂದು ಹಿಲ್ ಪಕ್ಷದವರು ವಾದಿಸಿದರು. ಅಂಗಡಿಗೆ ನುಗ್ಗಿ ಗುಂಡು ಹಾರಿಸುತ್ತಿದ್ದವನು ಕೈ ಮೇಲೆತ್ತಿ ನಿಲ್ಲುವುದುಂಟೇ? ಪ್ರಶ್ನೆ ಚುರುಕಾಗಿದೆ, ನಿಜ. ಆದರೆ ಕೋಟು ಮೇಲೆ ಸರಿಯಲು ಕಾರಣ ಒಂದೇ ಅಲ್ಲ. ಬಗ್ಗಿದರೂ, ಹೊರಳಿದರೂ ಸರಿದೀತು. ಆದ್ದರಿಂದ ಕೋಟು ಅಂಗಡಿಯ ಕತೆಯನ್ನು ಸುಳ್ಳಾಗಿಸುವುದಿಲ್ಲ. ಜಗಳದ ಕತೆಗೆ ಹೆಚ್ಚು ಒಗ್ಗುತ್ತದೆ, ಅಷ್ಟೆ. ಪತ್ರ, ಪಲಾಯನ, ಕೋಟು ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ ಎನ್ನಬಹುದು. ಒಂದೊಂದನ್ನೇ ಬಿಡಿಯಾಗಿ ತೆಗೆದುಕೊಂಡರೆ ಯಾವುದೂ ಗಟ್ಟಿಯಲ್ಲ. ಫ್ರಾಂಕ್ ವಿಲ್ಸನ್ ಎಂಬ ಹೆಸರಿನಲ್ಲೂ ಓಡಾಡುತ್ತಿದ್ದ ಅಪರಾಧಿ ಮ್ಯಾಗ್ನಸ್ ಓಲ್ಸನ್ ಮೇಲೆ ಆಡ್ಲರ್ ಕೊಲೆಯ ಆರೋಪ ತಿರುಗಿಸುತ್ತಾರೆ. ಆ ಭಾಗ ಓದಲು ರೋಚಕವಾಗಿದೆ. ಅದಿಲ್ಲದೆಯೂ ಮೇಲಿನ ವಾದ ನಿಲ್ಲುತ್ತದೆ.

ಮೌನದ ಪ್ರಶ್ನೆ ಇಷ್ಟಕ್ಕೂ ಬಗೆಹರಿಯದು. ಹೆಣ್ಣಿನ ಮಾನ ಕಾಯಲು ಬಾಯಿ ಕಟ್ಟಿಕೊಂಡ ಎಂಬುದು ಜನಪ್ರಿಯ ವಿವರಣೆ. ಬದುಕಿದ ತನಗಿಂತ ಸತ್ತ ತಾನೇ ಚಳವಳಿಗೆ ಹೆಚ್ಚು ಉಪಯೋಗ ಎಂಬ ನಂಬಿಕೆಗೆ ಹಿಲ್ ಕ್ರಮೇಣ ಬಂದ ಎಂಬುದು ಆಡ್ಲರ್ ಒಲವು. 1915ರ ಅಕ್ಟೋಬರ್‌ನಲ್ಲಿ ಪತ್ರಿಕೆಗೆ ಕೊಟ್ಟ ಹೇಳಿಕೆಯಲ್ಲಿ ಹಿಲ್ ಸ್ವತಃ ಹಿಡಿದದ್ದು ಕಾನೂನಿನ ನೆಲೆ: ಅಪರಾಧ ರುಜುವಾತು ಮಾಡುವ ಹೊಣೆ ಸರ್ಕಾರದ್ದು, ನಿರಪರಾಧಿ ಎಂದು ತೋರಿಸುವ ಹೊಣೆ ತನ್ನದಲ್ಲ. ಈ ಮೂರರ ಜೊತೆಗೆ ನಾಲ್ಕನೆಯದೊಂದನ್ನು ಮುಂದಿಡುತ್ತೇನೆ, ಊಹೆ ಎಂದು ಒಪ್ಪಿಕೊಂಡೇ. ತನ್ನ ಬದುಕನ್ನು ಬರವಣಿಗೆಯಿಂದ ಹೊರಗಿಡುವುದು ಹಿಲ್‌ಗೆ ಕವಿಯಾಗಿ ರೂಢಿಯಾಗಿತ್ತು. ಕಟಕಟೆಯ ಮೌನ ಆ ರೂಢಿಯ ಮುಂದುವರಿಕೆಯೂ ಇದ್ದೀತು. ಜೀವನವೃತ್ತಾಂತ ಕೇಳಿದವರೊಬ್ಬರಿಗೆ ಸೆರೆಮನೆಯಿಂದ ಬರೆಯುತ್ತ, ಭೂಮಿ ಎಂಬ ಗ್ರಹದಲ್ಲಿ ಹುಟ್ಟಿದವನೆಂದು ನಕ್ಕು ಮಾತು ಮುಗಿಸಿದವನು ಈತ. ಅವನ ಹಾಡುಗಳಲ್ಲಿ ಯೆವ್ಲೆ ಇಲ್ಲ, ಕ್ಷಯವಿಲ್ಲ, ತಾಯಿಯಿಲ್ಲ.

ಇದಕ್ಕೊಂದು ಆಕ್ಷೇಪಣೆ ಬರುತ್ತದೆ, ಬರಬೇಕು ಕೂಡ. ಮುಷ್ಕರದ ಸಾಲಿನಲ್ಲಿ ನೂರಾರು ಕಂಠ ಒಟ್ಟಿಗೆ ಹಾಡಬೇಕಾದ ಹಾಡಿನಲ್ಲಿ ಒಬ್ಬನ ಕಷ್ಟಸುಖಕ್ಕೆ ಜಾಗವೆಲ್ಲಿ? ಆತ್ಮಕಥನ ಇಲ್ಲದಿರುವುದು ಪ್ರಕಾರದ ಗುಣ, ಕವಿಯದಲ್ಲ. ಈ ಆಕ್ಷೇಪಣೆಯನ್ನು ಪೂರ್ತಿ ನೀಗಿಸಲಾರೆ. ಆದರೆ 1906ರ ಭೂಕಂಪದ ಬಗ್ಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ತನ್ನೂರಿನ ‘ಯೆವ್ಲೆ ದಾಗ್‌ಬ್ಲಾಡ್’ ಪತ್ರಿಕೆಗೆ ಅವನು ಬರೆದ ಪತ್ರವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಯೋಎಲ್ ತಾನು ಕಂಡದ್ದನ್ನು, ತನಗಾದದ್ದನ್ನು ಊರವರಿಗೆ ಹಾಸ್ಯ ಬೆರೆಸಿ ಹೇಳುತ್ತಾನೆ. ಸ್ವೀಡಿಷ್‌ನಲ್ಲಿ ‘ನಾನು’ ಎನ್ನಲು ಅವನಿಗೆ ಸಂಕೋಚವಿರಲಿಲ್ಲ. ಹಾಗಿದ್ದರೆ ಆ ಸಂಕೋಚ ಹೆಗ್‌ಲುಂಡನದಲ್ಲ; ಮುಂದೆ ಅವನು ಇಂಗ್ಲಿಷಿನಲ್ಲಿ, ಬೇರೆ ಹೆಸರಿನಲ್ಲಿ ಕಟ್ಟಿಕೊಂಡ ಜೋ ಹಿಲ್ ಎಂಬ ಕವಿಯದು. ಸಾಯುವ ಹಿಂದಿನ ದಿನ ಬರೆದ ಪದ್ಯರೂಪದ ಉಯಿಲು ನನ್ನ ವಾದಕ್ಕೆ ಪ್ರತಿಕೂಲ ಎನ್ನುವವರುಂಟು, ಅದು ಉತ್ತಮ ಪುರುಷದಲ್ಲಿದೆ. ಆದರೆ ಹಂಚಲು ತನ್ನದೆಂಬುದು ಏನೂ ಇಲ್ಲ, ದೇಹವನ್ನು ಬೂದಿ ಮಾಡಿ ಗಾಳಿಗೆ ಬಿಡಿ ಎಂಬುದೇ ಅದರ ತಿರುಳು. ಅಲ್ಲಿ ಬರುವ ‘ನಾನು’ ಬಂದ ಕೂಡಲೇ ಹೊರಟು ನಿಲ್ಲುತ್ತದೆ.

ಈ ಖಾಲಿತನವೇ ಅವನ ಪರಂಪರೆಗೆ ಅನುಕೂಲವಾಯಿತೆಂದು ತೋರುತ್ತದೆ. ಷಿಕಾಗೋದ ಶವಯಾತ್ರೆಗೆ ಸುಮಾರು 30,000 ಜನ ಸೇರಿದರು. ಚಿತಾಭಸ್ಮ ಸಣ್ಣ ಲಕೋಟೆಗಳಲ್ಲಿ ದೇಶವಿದೇಶದ ಶಾಖೆಗಳಿಗೆ ಹೋಯಿತು. ಅಂಚೆ ಇಲಾಖೆ 1917ರಲ್ಲಿ ತಡೆಹಿಡಿದ ಒಂದು ಲಕೋಟೆ ಸಂಘಟನೆಯ ಕೈಸೇರಿದ್ದು 1988ರಲ್ಲಿ. ಬೂ ವಿಡರ್‌ಬರ್ಗ್ 1971ರಲ್ಲಿ ಸಿನಿಮಾ ಮಾಡಿದರು, ಯೆವ್ಲೆಯ ಮನೆ ಈಗ ಸ್ಮಾರಕ. ಪಾಲ್ ರೋಬ್ಸನ್, ಜೋನ್ ಬಯೇಜ್ ಹಾಡಿ ಪ್ರಸಿದ್ಧಗೊಳಿಸಿದ ‘ಜೋ ಹಿಲ್’ ಗೀತೆ ಹಿಲ್ ಬರೆದದ್ದಲ್ಲ, ಅವನ ಕುರಿತು ಆಲ್ಫ್ರೆಡ್ ಹೇಯ್ಸ್ ಬರೆದದ್ದು. ಇದು ಆಗಾಗ ಗೊಂದಲಕ್ಕೆ ಕಾರಣವಾಗುವುದರಿಂದ ಇಲ್ಲಿ ಹೇಳಬೇಕಾಯಿತು.

ಕೊಲೆಯ ಪ್ರಶ್ನೆಯಲ್ಲಿ ಹಿಲ್ಡಾಳ ಪತ್ರ ಸಂಶಯದ ಲಾಭವನ್ನು ಹಿಲ್ ಕಡೆಗೆ ಗಟ್ಟಿಯಾಗಿ ವಾಲಿಸುತ್ತದೆ. ಖುಲಾಸೆ ಪತ್ರವಾಗುವಷ್ಟು ಶಕ್ತಿ ಅದಕ್ಕಿಲ್ಲ. ಮೌನದ ಬಗೆಗಿನ ನನ್ನ ಊಹೆ ನಿಲ್ಲಬೇಕಾದರೆ ಅವನ ಸ್ವೀಡಿಷ್ ಬರವಣಿಗೆಯನ್ನೂ ಇಂಗ್ಲಿಷ್ ಹಾಡುಗಳನ್ನೂ ಜೊತೆಗಿಟ್ಟು ಓದುವ ಕೆಲಸ ಆಗಬೇಕು. ಹೆಗ್‌ಲುಂಡ್ ಕುಟುಂಬ ಹೋಗುತ್ತಿದ್ದ, ವಾಲ್ಡೆನ್‌ಸ್ಟ್ರೋಮ್ ಪಂಥದ ಪ್ರಾರ್ಥನಾ ಮಂದಿರದ ಗೀತೆಗಳಿಂದ ಅದನ್ನು ಆರಂಭಿಸಬಹುದು. ಅಣಕಿಸಲು ಆರಿಸಿಕೊಂಡ ಭಕ್ತಿಗೀತೆಗಳ ಧಾಟಿಗಳಲ್ಲಿ ಎಷ್ಟು ಅವನಿಗೆ ಬಾಲ್ಯದಲ್ಲೇ ಪರಿಚಿತವಾಗಿದ್ದವು ಎಂಬುದು ಅಲ್ಲಿ ತಿಳಿದೀತು.